ಉದ್ಘಾಟನೆಯ ಮರುದಿನ

ಅಮೆರಿಕದ ಸಣ್ಣ ಊರಿನ ರೋಟರಿ ಕ್ಲಬ್ಬಿನ ಸಭೆಗೆ ಒಂದು ಗೊತ್ತಾದ ಕ್ರಮವಿದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಊಟವಾಗುತ್ತದೆ, ಅತಿಥಿಯ ಭಾಷಣ ನಡೆಯುತ್ತದೆ. ನಡುವೆ ‘ಹ್ಯಾಪಿ ಡಾಲರ್’ ಎಂಬ ಪದ್ಧತಿ: ಮಗಳಿಗೆ ಕೆಲಸ ಸಿಕ್ಕಿತೆಂದೋ ಮೊಮ್ಮಗ ಹುಟ್ಟಿದನೆಂದೋ ಸದಸ್ಯರು ಎದ್ದು ನಿಂತು ಹೇಳಿ, ಆ ಸಂತೋಷಕ್ಕೆ ಒಂದು ಡಾಲರನ್ನು ಡಬ್ಬಿಗೆ ಹಾಕುತ್ತಾರೆ. ಹೀಗೆ ಕೂಡಿದ ಚಿಲ್ಲರೆಯೂ ಪ್ಯಾನ್‌ಕೇಕ್ ಉಪಾಹಾರ ಮಾರಿ ಬಂದ ದುಡ್ಡೂ ಸೇರಿ, ಕೊನೆಗೆ ಘಾನಾದ ಒಂದು ಹಳ್ಳಿಯಲ್ಲಿ ಕೈಪಂಪಾಗಿಯೋ ಡೊಮಿನಿಕನ್ ರಿಪಬ್ಲಿಕ್‌ನ ಒಂದು ಮನೆಯಲ್ಲಿ ನೀರಿನ ಫಿಲ್ಟರ್ ಆಗಿಯೋ ನಿಲ್ಲುತ್ತವೆ. ಸಭೆ, ನಿಧಿಸಂಗ್ರಹ, ವಿದೇಶದ ನೀರಿನ ಕೆಲಸ ಎಂಬ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡದೆ ಇಂಥ ಸೇವೆಯ ಬೆಲೆ ಕಟ್ಟಲಾಗದು.

ವಾರದ ಸಭೆಯನ್ನು ಕಾಲಹರಣವೆಂದು ತಳ್ಳಿಹಾಕುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಡನೆ ರೋಟರಿಯ ಮೊದಲ ಸಭೆಗೆ ಕೂತಾಗ ಅವರ ಮುಂದೆ ದೊಡ್ಡ ಯೋಜನೆಯೇನೂ ಇರಲಿಲ್ಲ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ಸೇರುವುದು, ಅಷ್ಟೆ. ಆದರೆ ತಪ್ಪದೆ ಸೇರಿದರು. ಹಾಜರಿ ಕಡ್ಡಾಯವಾಯಿತು, ಒಂದು ಸಭೆ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗಾದರೂ ಹೋಗಿ ಅದನ್ನು ಸರಿದೂಗಿಸುವ ರೂಢಿ ಬೆಳೆಯಿತು. 2016ರಲ್ಲಿ ನಿಯಮ ಸಡಿಲಗೊಂಡು ತಿಂಗಳಿಗೆ ಎರಡು ಸಭೆ ಸಾಕೆಂದಾಯಿತು. ಮೊದಲ ಸಾರ್ವಜನಿಕ ಕೆಲಸವಾಗಿ 1907ರಲ್ಲಿ ಆ ಮೊದಲ ಕ್ಲಬ್ಬಿನವರು ಕೈಗೆತ್ತಿಕೊಂಡದ್ದು ಷಿಕಾಗೋದಲ್ಲೊಂದು ಸಾರ್ವಜನಿಕ ಶೌಚಾಲಯ. ಇತರ ಸಂಘಗಳನ್ನು ಜೊತೆಗೂಡಿಸಿಕೊಂಡು, ನಗರಾಡಳಿತದ ಬೆನ್ನುಬಿದ್ದು ಆ ಕೆಲಸ ಮಾಡಿಸಿದರು. ಬಿಡದೆ ಕೂಡುವುದು, ಲೆಕ್ಕ ಒಪ್ಪಿಸುವುದು, ಹೊಣೆಯಿರುವವರಿಂದ ಕೆಲಸ ತೆಗೆಯುವುದು: ಕ್ಲಬ್ಬಿನ ನಿಜವಾದ ಕಸುಬು ಇದು.

ಹಣ ಕೂಡಿಸುವುದರಲ್ಲೂ ಇದೇ ಶಿಸ್ತು ಕಾಣುತ್ತದೆ. 1917ರಲ್ಲಿ ರೋಟರಿಯ ಅಂದಿನ ಅಧ್ಯಕ್ಷ ಆರ್ಚ್ ಕ್ಲಂಫ್ ಒಂದು ಶಾಶ್ವತ ನಿಧಿಯ ಮಾತೆತ್ತಿದಾಗ ಮೊದಲು ಬಂದ ದೇಣಿಗೆ ಇಪ್ಪತ್ತಾರೂವರೆ ಡಾಲರ್, ಕಾನ್ಸಸ್ ಸಿಟಿಯ ಕ್ಲಬ್ಬಿನದು. ಅದೇ ಬೆಳೆದು ಇಂದಿನ ರೋಟರಿ ಫೌಂಡೇಶನ್ ಆಗಿದೆ. ಅದರ ‘ಗ್ಲೋಬಲ್ ಗ್ರಾಂಟ್’ ಎಂಬ ಅನುದಾನ ಬೇಕಾದರೆ ಯೋಜನೆ ಕನಿಷ್ಠ 30,000 ಡಾಲರಿನದಾಗಿರಬೇಕು. ಕೆಲಸ ನಡೆಯುವ ದೇಶದಲ್ಲೊಂದು ಕ್ಲಬ್, ಹೊರದೇಶದಲ್ಲೊಂದು ಕ್ಲಬ್ ಜೊತೆಯಾಗಬೇಕು, ಜನರ ಅಗತ್ಯವೇನೆಂದು ಮೊದಲೇ ವಿಚಾರಿಸಿರಬೇಕು. ಇವೆಲ್ಲ ಒಳ್ಳೆಯ ನಿಯಮಗಳು. ತೊಡಕಿರುವುದು ದಾನಿಯನ್ನು ಒಲಿಸುವ ರೀತಿಯಲ್ಲಿ. ‘ಇಷ್ಟು ಕೊಟ್ಟರೆ ಒಂದು ಬೋರ್‌ವೆಲ್’ ಎಂದರೆ ಜೇಬಿಗೆ ಕೈ ಹೋಗುತ್ತದೆ. ‘ಇಷ್ಟು ಕೊಟ್ಟರೆ ಹತ್ತು ವರ್ಷ ರಿಪೇರಿ’ ಎಂದರೆ ಹೋಗುವುದಿಲ್ಲ. ಹೀಗಾಗಿ ಕೊರೆಯುವುದಕ್ಕೆ ಸಿಕ್ಕ ಹಣ ಕಾಪಾಡುವುದಕ್ಕೆ ಸಿಗುವುದಿಲ್ಲ.

ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹಲವು ಕ್ಲಬ್ಬುಗಳು ಹಂಚಿರುವ ಬಯೋಸ್ಯಾಂಡ್ ಫಿಲ್ಟರನ್ನೇ ನೋಡೋಣ. 1990ರ ದಶಕದಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮ್ಯಾಂಜ್ ರೂಪಿಸಿದ ಸರಳ ಸಾಧನ ಇದು. ಸೊಂಟದೆತ್ತರದ ಕಾಂಕ್ರೀಟ್ ಪೆಟ್ಟಿಗೆ, ತಳದಲ್ಲಿ ಜಲ್ಲಿ, ಅದರ ಮೇಲೆ ಜರಡಿ ಹಿಡಿದು ತೊಳೆದ ಮರಳು. ಮೇಲಿನಿಂದ ಸುರಿದ ನೀರು ತೂತುಗಳಿರುವ ತಟ್ಟೆಯ ಮೂಲಕ ಇಳಿದು ಮರಳನ್ನು ಹಾಯ್ದು ಕೊಳವೆಯಿಂದ ಹೊರಬೀಳುತ್ತದೆ. ಹರಿವು ನಿಂತಾಗ ಮರಳಿನ ಮೇಲೆ ಸುಮಾರು ಐದು ಸೆಂಟಿಮೀಟರ್ ನೀರು ಉಳಿದಿರಬೇಕು. ಆ ನೀರಿನಡಿ ಬೆಳೆಯುವ ಸೂಕ್ಷ್ಮಜೀವಿಗಳ ಪದರವೇ ಫಿಲ್ಟರಿನ ಜೀವಾಳ, ರೋಗಾಣುಗಳನ್ನು ತಿಂದು ಮುಗಿಸುವುದು ಅದೇ. ಹೊರಗಿನ ಕೊಳವೆಗೆ ಯಾರಾದರೂ ಅನುಕೂಲಕ್ಕೆಂದು ನಲ್ಲಿ ಕೂರಿಸಿ ಮುಚ್ಚಿಟ್ಟರೆ ಒಳಗೆ ನೀರು ಏರುತ್ತದೆ, ಪದರಕ್ಕೆ ಆಮ್ಲಜನಕ ಸಾಲದಾಗುತ್ತದೆ. ಎಷ್ಟೋ ದಿನ ನೀರೇ ಹಾಕದೆ ಬಿಟ್ಟರೂ ಅದು ಸಾಯುತ್ತದೆ.

ಈ ಸಾಧನ ಫಲ ಕೊಡುತ್ತದೆಂಬುದಕ್ಕೆ ಆಧಾರವಿದೆ. ಅದೇ ದೇಶದ ಬೊನಾವೋ ಎಂಬಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಲ್ಟರ್ ಪಡೆದ ಮನೆಗಳಲ್ಲಿ ಅತಿಸಾರ ಶೇ 47ರಷ್ಟು ಕಡಿಮೆಯಿತ್ತು. ಇದು ಸಣ್ಣ ಸಾಧನೆಯಲ್ಲ, ಇದರ ಹಿಂದೆ ಬದುಕಿ ಉಳಿದ ಕೂಸುಗಳಿರುತ್ತವೆ. ಆದರೆ ಆ ಪದರ ಹದಕ್ಕೆ ಬರಲು ಸುಮಾರು ಒಂದು ತಿಂಗಳು ಬೇಕು. ಒಂದು ವಾರದ ಮಟ್ಟಿಗೆ ವಿಮಾನದಲ್ಲಿ ಬಂದು ಮರಳು ತೊಳೆದು ಪೆಟ್ಟಿಗೆ ತುಂಬಿ ಫೋಟೊ ತೆಗೆಸಿಕೊಂಡು ಹೊರಡುವ ಸ್ವಯಂಸೇವಕನಿಗೆ, ತಾನು ತುಂಬಿದ ಫಿಲ್ಟರ್ ಪೂರ್ತಿಯಾಗಿ ಕೆಲಸ ಮಾಡುವುದನ್ನು ನೋಡುವುದಕ್ಕೂ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳುವವಳು ದಿನವೂ ಕೊಡ ಸುರಿಯುವ ಆ ಮನೆಯ ಹೆಂಗಸು. ಅವಳಿಗೆ ಅನುಮಾನ ಬಂದಾಗ ಕೇಳಲು ಪಕ್ಕದ ಬೀದಿಯಲ್ಲಿ ತಿಳಿದವರೊಬ್ಬರು ಇರಬೇಕು.

ಕೈಪಂಪಿನ ಕಥೆ ಇನ್ನೂ ಸ್ಪಷ್ಟ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ನಿಂತಿರುವುದು ನಮ್ಮ ಇಂಡಿಯಾ ಮಾರ್ಕ್ 2. ಸೊಲ್ಲಾಪುರದ ಪಂಪಿನ ಮಾದರಿಯಿಂದ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಗಟ್ಟಿ ಯಂತ್ರ. ಎಷ್ಟು ಗಟ್ಟಿಯಾದರೂ ಸಿಲಿಂಡರಿನ ಒಳಗಿನ ವಾಷರ್ ಸವೆಯುತ್ತದೆ. ಅದನ್ನು ಬದಲಿಸಲು ಉದ್ದಕ್ಕೂ ಇಳಿಬಿಟ್ಟ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ಸಲಕರಣೆ ಬೇಕು, ಬಲ್ಲವರು ಬೇಕು, ವಾಷರ್ ಮಾರುವ ಅಂಗಡಿ ಬೇಕು. 2009ರಲ್ಲಿ ಗ್ರಾಮೀಣ ನೀರು ಸರಬರಾಜಿನ ತಜ್ಞರ ಜಾಲವೊಂದು ಆಫ್ರಿಕಾದ ಇಪ್ಪತ್ತು ದೇಶಗಳ ಅಂಕಿಅಂಶ ಕೂಡಿಸಿದಾಗ ಶೇ 36ರಷ್ಟು ಕೈಪಂಪುಗಳು ಕೆಟ್ಟು ನಿಂತಿದ್ದವು. ಅವೆಲ್ಲ ಕ್ಲಬ್ಬುಗಳು ಹಾಕಿಸಿದವಲ್ಲ. ಸರ್ಕಾರಗಳು, ಚರ್ಚುಗಳು, ದೊಡ್ಡ ನೆರವು ಸಂಸ್ಥೆಗಳು ಎಲ್ಲರ ಪಾಲೂ ಅದರಲ್ಲಿದೆ. ಪಂಪು ಕೊಟ್ಟು ಹೋಗುವವರು ಹೆಚ್ಚು, ಪಂಪಿನ ಜೊತೆ ಉಳಿಯುವವರು ಕಡಿಮೆ ಎಂಬುದನ್ನು ಅದು ತೋರಿಸುತ್ತದೆ.

ಕ್ಲಬ್ಬಿನ ರಚನೆಯಲ್ಲೇ ಇದಕ್ಕೊಂದು ಕಾರಣವಿದೆ. ರೋಟರಿಯ ವರ್ಷ ಜುಲೈ ಒಂದರಂದು ಆರಂಭವಾಗುತ್ತದೆ, ಅಂದು ಹೊಸ ಅಧ್ಯಕ್ಷರು ಬರುತ್ತಾರೆ. ಹನ್ನೆರಡು ತಿಂಗಳಲ್ಲಿ ತಮ್ಮ ಹೆಸರಿನಲ್ಲೊಂದು ಕೆಲಸ ಆಗಬೇಕೆಂಬ ಆಸೆ ಅವರಿಗೆ ಸಹಜ. ಹಿಂದಿನವರು ಹಾಕಿಸಿದ ಪಂಪಿನ ವಾಷರ್ ಬದಲಿಸಿದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಅಧಿಕಾರದ ಅವಧಿ ಒಂದು ವರ್ಷ, ನೀರಿನ ಕೆಲಸದ ಆಯುಸ್ಸು ಹತ್ತಾರು ವರ್ಷ. ಈ ಎರಡರ ನಡುವಿನ ಅಂತರದಲ್ಲೇ ಒಳ್ಳೆಯ ಉದ್ದೇಶಗಳು ಜಾರಿ ಬೀಳುತ್ತವೆ.

ಇದೇ ಸಂಸ್ಥೆ ಈ ಅಂತರವನ್ನು ದಾಟಿ ತೋರಿಸಿದ ಉದಾಹರಣೆಯೂ ನಮ್ಮ ಕಣ್ಣೆದುರಿಗಿದೆ. 1985ರಲ್ಲಿ ಆರಂಭವಾದ, ಪೋಲಿಯೊ ತೊಲಗಿಸುವ ಪೋಲಿಯೊಪ್ಲಸ್ ಕಾರ್ಯಕ್ರಮ ಎಷ್ಟು ಅಧ್ಯಕ್ಷರು ಬದಲಾದರೂ ಬದಲಾಗಲಿಲ್ಲ. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಪತ್ತೆಯಾಯಿತು, 2014ರ ಮಾರ್ಚಿನಲ್ಲಿ ದೇಶ ಪೋಲಿಯೊಮುಕ್ತವೆಂದು ದೃಢಪಟ್ಟಿತು. ಹನಿ ಹಾಕಿಸಲು ಮನೆ ಮನೆ ತಿರುಗಿದವರು ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು. ಅವರ ಪಕ್ಕದಲ್ಲಿ ಸ್ಥಳೀಯ ಕ್ಲಬ್ಬುಗಳು ನಿಂತವು. ಹೊರಗಿನ ಹಣ, ಒಳಗಿನ ಕೈಗಳು, ಮುಗಿಯುವವರೆಗೆ ಬಿಡದ ಹಟ ಕೂಡಿದ್ದರಿಂದ ಕೆಲಸ ಗೆದ್ದಿತು. ನೀರಿನ ಕೆಲಸಕ್ಕೂ ಇದೇ ದಾರಿ.

ಹೀಗಾಗಿ ನನ್ನ ತಕರಾರು ಕ್ಲಬ್ಬುಗಳು ವಿದೇಶಕ್ಕೆ ಹೋಗುವುದರ ಬಗ್ಗೆ ಅಲ್ಲ. ಒಮ್ಮೆ ಕಣ್ಣಾರೆ ಕಂಡವರು ಬಹುಕಾಲ ದಾನಿಗಳಾಗಿ ಉಳಿಯುತ್ತಾರೆ, ಅದಕ್ಕೂ ಬೆಲೆಯಿದೆ. ಕ್ಲಬ್ಬಿನವರು ಹೊತ್ತೊಯ್ಯುವುದು ಪಂಪು, ಮನೆಯಲ್ಲೇ ಬಿಟ್ಟುಹೋಗುವುದು ತಾವು ಚೆನ್ನಾಗಿ ಬಲ್ಲ ವಿದ್ಯೆ ಎಂಬುದು ತಕರಾರು. ಹಳ್ಳಿಯ ಒಂದು ನೀರಿನ ಸಮಿತಿಗೆ ಬೇಕಾದದ್ದೇನು? ಗೊತ್ತಾದ ದಿನ ಸೇರುವುದು, ಮನೆಗಿಷ್ಟೆಂದು ವಂತಿಗೆ ಎತ್ತುವುದು, ಖಜಾಂಚಿ ಎಲ್ಲರೆದುರು ಲೆಕ್ಕ ಓದುವುದು, ಬಾರದವರನ್ನು ಕೇಳುವುದು. ನೂರು ವರ್ಷ ಮೀರಿ ಕ್ಲಬ್ಬು ತನ್ನ ಸಭೆಗಳಲ್ಲಿ ಮಾಡಿಕೊಂಡು ಬಂದಿರುವುದೂ ಇದನ್ನೇ. ರೋಟರಿ ಮತ್ತು ಅಮೆರಿಕದ ಅಂದಿನ ನೆರವು ಸಂಸ್ಥೆ ಯುಎಸ್‌ಏಡ್ 2009ರಲ್ಲಿ ಘಾನಾ, ಫಿಲಿಪೀನ್ಸ್, ಡೊಮಿನಿಕನ್ ರಿಪಬ್ಲಿಕ್‌ಗಳಲ್ಲಿ ಜೊತೆಗೂಡಿ ಆರಂಭಿಸಿದ ಯೋಜನೆಯಿಂದ ಬಾಳಿಕೆಯನ್ನು ಅಳೆಯುವ ಮಾನದಂಡವೊಂದು ಬಂತು. ಸಂಸ್ಥೆ, ನಿರ್ವಹಣೆ, ಹಣಕಾಸು, ತಂತ್ರ, ಪರಿಸರ ಎಂಬ ಐದು ಬದಿಗಳಿಂದ ಅದು ಕೆಲಸವನ್ನು ನೋಡುತ್ತದೆ. ಯಂತ್ರಕ್ಕೆ ಸಂಬಂಧಿಸಿದ್ದು ಐದರಲ್ಲಿ ಒಂದು ಮಾತ್ರ.

ಕರ್ನಾಟಕದ ಕ್ಲಬ್ಬುಗಳು ಗ್ಲೋಬಲ್ ಗ್ರಾಂಟಿನಂಥ ಅನುದಾನಗಳನ್ನು ಬರಮಾಡಿಕೊಳ್ಳುವ ಕಡೆ ನಿಲ್ಲುತ್ತವೆ. ಅಲ್ಲಿ ಅವಕ್ಕೆ ದೊಡ್ಡ ಹೊಣೆಯಿದೆ. ಪಾವಗಡ, ಕೋಲಾರದ ಕಡೆಯ ಫ್ಲೋರೈಡ್ ನೀರನ್ನು ಮರಳಿನ ಫಿಲ್ಟರ್ ಶುದ್ಧ ಮಾಡದು, ಅದು ರೋಗಾಣುಗಳಿಗೆ ಮದ್ದು. ದೂರದ ದಾನಿಗೆ ಇದು ತಿಳಿಯದಿರಬಹುದು, ಇಲ್ಲಿಯವರು ಹೇಳಲೇಬೇಕು. ಶುದ್ಧ ಕುಡಿಯುವ ನೀರಿನ ಘಟಕದ ಗೋಡೆಯ ಮೇಲೆ ಹೆಸರುಗಳು ಉಳಿದು ಒಳಗೆ ನೀರು ಸೋಸುವ ಮೆಂಬ್ರೇನ್ ಕೆಟ್ಟುಹೋಗಿರುವುದನ್ನು ನಮ್ಮ ಹಳ್ಳಿಗಳು ನೋಡಿಬಿಟ್ಟಿವೆ. ಬರುವ ಹಣಕ್ಕೆ ತಲೆಯಾಡಿಸುವ ಮೊದಲು ‘ಐದನೆಯ ವರ್ಷ ಇದನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದು ಕೇಳುವ ದಿಟ್ಟತನ ಆತಿಥೇಯ ಕ್ಲಬ್ಬಿಗೆ ಇರಬೇಕು.

ಪ್ರತಿ ಕ್ಲಬ್ಬೂ ಮಾಡಬಹುದಾದ ಕೆಲಸವೊಂದಿದೆ. ನೀರಿನ ಯೋಜನೆಗೆ ಒಪ್ಪಿಗೆ ಕೊಡುವ ದಿನವೇ ಮೊದಲ ವರ್ಷದ, ಮೂರನೆಯ ವರ್ಷದ, ಐದನೆಯ ವರ್ಷದ ವರದಿಗಳ ತಾರೀಕನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ. ರಿಪೇರಿಯ ಹಣವನ್ನು ಅಂದೇ ಬೇರೆ ತೆಗೆದಿಡಲಿ. ಆ ತಾರೀಕು ಬಂದಾಗ ಕುರ್ಚಿಯಲ್ಲಿರುವ ಅಧ್ಯಕ್ಷರು ಯಾರೇ ಆಗಿರಲಿ, ಹಳ್ಳಿಯ ಸಮಿತಿಯ ಲೆಕ್ಕವನ್ನು ತಮ್ಮ ಸಭೆಯಲ್ಲಿ ಓದಿಸಲಿ. ಪಂಪು ಕೆಟ್ಟಿದ್ದರೆ ಅದನ್ನೂ ಓದಿಸಲಿ. ಉದ್ಘಾಟನೆಯ ಫೋಟೊಗಿಂತ ಆ ವರದಿಗೆ ಹೆಚ್ಚು ಚಪ್ಪಾಳೆ ಬೀಳುವ ಕ್ಲಬ್ಬೇ ನೀರಿನ ಸೇವೆ ಮಾಡಿದ್ದೇವೆಂದು ಹೇಳಿಕೊಳ್ಳಲು ಅರ್ಹ.