ಕಲಬುರಗಿ ಸೀಮೆಯ ಕಟ್ಟಡ ಕೆಲಸವೂ ಚಕ್ರೀಯ ಅರ್ಥವ್ಯವಸ್ಥೆಯೂ: ಒಂದು ವಿಮರ್ಶೆ

ಒಮ್ಮೆ ಬಳಸಿದ ವಸ್ತುವನ್ನು ಎಸೆಯದೆ ಮತ್ತೆ ಮತ್ತೆ ಉಪಯೋಗಕ್ಕೆ ತರುವ ‘ಚಕ್ರೀಯ ಅರ್ಥವ್ಯವಸ್ಥೆ’ಯನ್ನು ಅಭಿವೃದ್ಧಿಶೀಲ ರಾಷ್ಟ್ರಗಳ ಕಟ್ಟಡ ಉದ್ಯಮವು ಅಂಗೀಕರಿಸಬೇಕೆಂಬ ವಾದವು ವಿದ್ವತ್ ಲೇಖನಗಳಲ್ಲಿಯೂ ಸರಕಾರದ ನಿಯಮಗಳಲ್ಲಿಯೂ ಈಗ ಕೇಳಿಬರುತ್ತಿದೆ. ವಾದವು ಯುಕ್ತವೇ ಸರಿ. ಆದರೆ ‘ಅಂಗೀಕರಿಸಬೇಕು’ ಎಂಬ ಮಾತಿನಲ್ಲಿ, ಅಂಥ ಪದ್ಧತಿ ಇಲ್ಲಿ ಹಿಂದೆ ಇರಲೇ ಇಲ್ಲವೆಂಬ ಭಾವನೆ ಅಡಗಿದೆ. ಕಲಬುರಗಿ ನಗರವನ್ನೂ ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರವನ್ನೂ ಎದುರಿಗಿಟ್ಟುಕೊಂಡು ಈ ಭಾವನೆಯನ್ನು ಪರೀಕ್ಷಿಸುವುದು ಅವಶ್ಯಕ.

ಕಮಲಾಪುರದ ಕಡೆಯ ಹಳೆಯ ಮಾಳಿಗೆ ಮನೆಯೊಂದನ್ನು ನೆನೆಯೋಣ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮರದ ಕಂಬ, ತೊಲೆ, ಜಂತಿಗಳು, ಅವುಗಳ ಮೇಲೆ ಮಣ್ಣು, ಕಾಲಡಿಯಲ್ಲಿ ಶಹಾಬಾದಿನ ಫರಸಿ. ಇಂಥ ಮನೆಯನ್ನು ಕೆಡವುವವನು ಅದನ್ನು ಒಡೆಯುವುದಿಲ್ಲ, ಬಿಚ್ಚುತ್ತಾನೆ. ಕಲ್ಲು ಇನ್ನೊಂದು ಗೋಡೆಗೆ ಹೋಗುತ್ತದೆ, ತೊಲೆಬಾಗಿಲುಗಳು ಹಳೆಯ ಮರದ ವ್ಯಾಪಾರಿಗೆ, ಮಣ್ಣು ಹೊಲಕ್ಕೆ. ಇದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೇ.

ಈ ಚಕ್ರವು ಕಡಿದುದು ಜನರ ಅಜ್ಞಾನದಿಂದಲ್ಲ. ಕಲ್ಲುಗಳನ್ನು ಬೆಸೆಯುವ ವಸ್ತು ಬದಲಾದುದರಿಂದ. ಮಣ್ಣೂ ಸುಣ್ಣದ ಗಾರೆಯೂ ಕಲ್ಲಿಗಿಂತ ಮೆದುವಾದುದರಿಂದ, ಕಿತ್ತಾಗ ಅವೇ ಮೊದಲು ಬಿಡುತ್ತವೆ. ಸಿಮೆಂಟಿನ ಮೇಲೆ ಕೂರಿಸಿದ ಫರಸಿಯನ್ನು ಎಬ್ಬಿಸಹೋದರೆ ಫರಸಿಯೇ ಒಡೆಯುವ ಸಂಭವ ಹೆಚ್ಚು. ಸೋಜಿಗವೆಂದರೆ, ಎರಡೂ ಈ ಜಿಲ್ಲೆಯ ಸುಣ್ಣಕಲ್ಲಿನ ಸಂತಾನವೇ: ಶಹಾಬಾದಿನ ಗಣಿಗಳಿಂದ ಫರಸಿ, ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳಿಂದ ಸಿಮೆಂಟು. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸುವುದನ್ನು ಚಕ್ರೀಯತೆಗೆ ನಿದರ್ಶನವಾಗಿ ಕೊಡುವುದುಂಟು. ಬೂದಿಯು ಚಕ್ರದೊಳಗೆ ಬಂದಿತು, ನಿಜ. ಅದೇ ಸಿಮೆಂಟು ಹಿಡಿದ ಕಲ್ಲು ಚಕ್ರದಿಂದ ಹೊರಬಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ.

ನಿಯಮಗಳ ದೋಷವೂ ಇಲ್ಲಿಯೇ ಇದೆ. 2016ರ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಮೀರಿದ ಕಟ್ಟಡ ತ್ಯಾಜ್ಯವನ್ನು ಕಾಂಕ್ರೀಟು, ಮಣ್ಣು, ಇಟ್ಟಿಗೆ-ಗಾರೆ, ಉಕ್ಕು-ಮರ-ಪ್ಲಾಸ್ಟಿಕ್ ಎಂದು ಬೇರ್ಪಡಿಸಬೇಕೆಂದವು. 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರಲ್ಲಿ ಪ್ರಕಟವಾದ ನಿಯಮಗಳು ಉತ್ಪಾದಕರ ಹೊಣೆಯನ್ನು 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಯೋಜನೆಗಳಿಗೆ ವಿಧಿಸುತ್ತವೆ. ಕಮಲಾಪುರದ ಯಾವ ಮನೆ ಆ ಅಳತೆಗೆ ನಿಲುಕೀತು? ಭಾರತೀಯ ಮಾನಕ 383ರ 2016ರ ಪರಿಷ್ಕರಣವು ಹಳೆಯ ಕಾಂಕ್ರೀಟಿನ ದಪ್ಪ ಜಲ್ಲಿಯನ್ನು ಉಕ್ಕಿನ ಕಾಂಕ್ರೀಟಿನಲ್ಲಿ ಶೇ. 20ರವರೆಗೆ, ಅದೂ ಎಂ-25 ದರ್ಜೆಯವರೆಗೆ ಮಾತ್ರ, ಒಪ್ಪುತ್ತದೆ. ಎಲ್ಲವೂ ಕೆಡವಿದ ಮೇಲಿನ ಮಾತು. ವಸ್ತು ಮರಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕಟ್ಟುವ ದಿನವೇ, ಗೌಂಡಿಯ ಬುಟ್ಟಿಯಲ್ಲಿ ಏನಿದೆ ಎಂಬುದರಿಂದ ನಿರ್ಧಾರವಾಗಿರುತ್ತದೆ.

ಹಾಗೆಂದು ಹಳೆಯದಕ್ಕೆ ಮರಳೋಣವೆನ್ನುವಂತಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ನಿದ್ರೆಯಲ್ಲಿದ್ದ ಸಾವಿರಾರು ಜನರು ಇಂಥ ಗೋಡೆ ಮಾಳಿಗೆಗಳ ಅಡಿಯಲ್ಲಿಯೇ ಸತ್ತರು. ಸುಲಭವಾಗಿ ಬಿಚ್ಚಿಕೊಳ್ಳುವ ಗುಣವೇ ಅಂದು ಪ್ರಾಣಕ್ಕೆ ಎರವಾಯಿತು. ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನು ಮರೆಯುವುದು ಅಕ್ಷಮ್ಯ. ಅದೇ ವರ್ಷದ ಮಾನಕ 13828 ಇಂಥ ಗೋಡೆಗಳಿಗೆ ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲುಗಳನ್ನೂ ಸುತ್ತುಪಟ್ಟಿಗಳನ್ನೂ ಹೇಳಿದೆ. ಇವುಗಳೊಡನೆ ಸುಣ್ಣದ ಗಾರೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ಪ್ರಯೋಗಶಾಲೆಯು ಉತ್ತರಿಸಬೇಕಾದ ಪ್ರಶ್ನೆ.

ನೆಲದ ಮಾತು ಬೇರೆ. ನೆಲಗಟ್ಟು ಮಾಳಿಗೆಯನ್ನು ಹೊರುವುದಿಲ್ಲ. ಫರಸಿಯನ್ನು ಉಸುಕಿನ ಮೇಲೋ ಸುಣ್ಣದ ಮೇಲೋ ಹಾಸಿದರೆ ಯಾರ ಜೀವಕ್ಕೂ ಅಪಾಯವಿಲ್ಲ. ಸಿಮೆಂಟಿನಿಂದಲೂ ಉಸುಕಿನಿಂದಲೂ ಎಬ್ಬಿಸಿದ ನೂರು ನೂರು ಫರಸಿಗಳಲ್ಲಿ ಇಡಿಯಾಗಿ ಬಂದವು ಎಷ್ಟು ಎಂದು ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕಲಬುರಗಿಯಲ್ಲಿ ಕೆಡವುತ್ತಿರುವ ಮನೆಗಳಲ್ಲಿಯೇ ಎಣಿಸಿ ನೋಡಬಹುದು.