ಕೊರಳು ಯಾರದು, ಮೈಕು ಯಾರದು?

ವಿಮರ್ಶೆ ಅಂದರೆ ಪುಸ್ತಕ ಮುಂದಿಟ್ಟುಕೊಂಡು ಮಾತಾಡುವುದು ಅಂತ ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗಾದರೆ ಅಚ್ಚಾಗದೆ ಗಾಳಿಯಲ್ಲೇ ಹೋದ ಮಾತನ್ನು ಓದುವುದು ಹೇಗೆ? ಈ ಪ್ರಶ್ನೆಗಾಗಿಯೇ ನಾನಿಲ್ಲಿ ಅಮೆರಿಕದ ಕಪ್ಪು ಜನರ ರೇಡಿಯೋದಲ್ಲಿ ಸೋಲ್ ಹಾಡು ಹಾಕುತ್ತಿದ್ದ ಒಬ್ಬನನ್ನು ತೆಗೆದುಕೊಂಡಿದ್ದೇನೆ. ಹೆಸರು ನಥಾನಿಯಲ್ ಮಾಂಟೆಗ್ಯೂ. ಕೇಳುಗರ ಪಾಲಿಗೆ 'ಮ್ಯಾಗ್ನಿಫಿಸೆಂಟ್ ಮಾಂಟೆಗ್ಯೂ'.

ಚರ್ಚಿನ ಗಾಸ್ಪೆಲ್ ಕೂಗು, ಬ್ಲೂಸಿನ ನೋವು ಕೂಡಿ ಹುಟ್ಟಿದ್ದು ಸೋಲ್ ಸಂಗೀತ. ನ್ಯೂಜೆರ್ಸಿಯಲ್ಲಿ 1928ರಲ್ಲಿ ಹುಟ್ಟಿದ ಮಾಂಟೆಗ್ಯೂ ಊರೂರು ಸುತ್ತಿ ರೇಡಿಯೋ ಕೆಲಸ ಮಾಡಿದವನು. ಹಾಡು ಕಾವೇರಿದಾಗ ಆತ ತಡೆಯಲಾರದೆ ಕೂಗುತ್ತಿದ್ದ: "ಬರ್ನ್, ಬೇಬಿ! ಬರ್ನ್!" 'ಉರಿ ಮಗಾ, ಉರಿ' ಅಂತ ಕನ್ನಡಕ್ಕೆ ತಂದರೆ ಅರ್ಥ ಬರುತ್ತದೆ, ಕಾವು ಬರುವುದಿಲ್ಲ. ತಮಟೆ ಬಾರಿಸುವವನನ್ನು ಹುರಿದುಂಬಿಸುವ ಕೂಗು ಕೇಳಿದವರಿಗೆ ಆ ಕಾವು ಗೊತ್ತು. 1965ರಲ್ಲಿ ಆತ ಲಾಸ್ ಏಂಜಲೀಸಿನ ಕೆ.ಜಿ.ಎಫ್.ಜೆ. ನಿಲಯಕ್ಕೆ ಬಂದ. ಶಾಲೆಯ ಹುಡುಗರು ಫೋನು ಮಾಡಿ ಆ ಕೂಗನ್ನು ತಾವೇ ಕೂಗತೊಡಗಿದರು. ಮಾತು ಕೇಳುಗರದಾಯಿತು.

ಅದೇ ವರ್ಷ ಆಗಸ್ಟ್ 11ರಂದು ಅಲ್ಲಿನ ವಾಟ್ಸ್ ಪ್ರದೇಶದಲ್ಲಿ ಕಪ್ಪು ಯುವಕನೊಬ್ಬನ ಬಂಧನದಿಂದ ಕಿಚ್ಚು ಹತ್ತಿತು. ಆರು ದಿನ ಉರಿಯಿತು. 34 ಜನ ಸತ್ತರು. ಬೀದಿಯಲ್ಲಿ ಬೆಂಕಿ ಹಚ್ಚಿದವರ ಬಾಯಲ್ಲಿದ್ದದ್ದು ಅದೇ ಕೂಗು. ಮಾಂಟೆಗ್ಯೂ ಮೇಲೆ ಒತ್ತಡ ಬಂತು, ಆತ ಆ ಮಾತು ಕೈಬಿಟ್ಟ. ಬದಲಿಗೆ "ಹ್ಯಾವ್ ಮರ್ಸಿ, ಲಾಸ್ ಏಂಜಲೀಸ್!" ಅಂದ. ಉರಿ ಹೋಗಿ ಕರುಣೆ ಬಂತು.

ಇದನ್ನು ಎರಡು ರೀತಿ ಓದಬಹುದು. ಆತ ಪ್ರಚೋದಕ ಅನ್ನುವುದು ಒಂದು. ಪಾಪ, ಬರೀ ಹಾಡಿನ ಬಗ್ಗೆ ಹೇಳಿದ್ದ ಅನ್ನುವುದು ಇನ್ನೊಂದು. ಎರಡರ ಬಗ್ಗೆಯೂ ನನಗೆ ತಕರಾರಿದೆ. ಮೊದಲನೆಯದು ವಾಟ್ಸಿನ ಜನಕ್ಕೆ ತಲೆಯೇ ಇಲ್ಲ ಅನ್ನುತ್ತದೆ. ಅವರಿಗೆ ಪೊಲೀಸರ ಲಾಠಿ ಗೊತ್ತಿರಲಿಲ್ಲವೆ? ಮನೆ ಕೊಡುವಾಗ ಜನಾಂಗ ನೋಡಬಾರದೆಂಬ ಕಾನೂನನ್ನು 1964ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಓಟು ಹಾಕಿ ತೆಗೆದುಹಾಕಿದ್ದು ಗೊತ್ತಿರಲಿಲ್ಲವೆ? ಎರಡನೆಯದು ನಮಗೆ ಚೆನ್ನಾಗಿ ಪರಿಚಯವಿರುವ ಶುದ್ಧ ಸೌಂದರ್ಯದ ವಾದ. ಹಾಡಿಗೂ ಹಟ್ಟಿಗೂ ಸಂಬಂಧವಿಲ್ಲ ಅನ್ನುವ ವಾದ. ಹಾಡಿನ ಕಾವು, ಬೀದಿಯ ಕಾವು ಎರಡೂ ಒಂದೇ ಒಲೆಯವು. ಆತ ಅರ್ಥ ಕೊಟ್ಟಿದ್ದು ಒಂದು, ಜನ ಕಂಡುಕೊಂಡದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿಯಲಾರದ ವಿಮರ್ಶೆ ನಮಗೆ ಬೇಡ.

ಹಾಗಾದರೆ ಆತ ಸೋತನೆ? ಹಾಗೆ ಕೇಳುವ ಮೊದಲು ಮೈಕು ಯಾರದು ಅಂತ ಕೇಳಬೇಕು. 1948-49ರಲ್ಲಿ ಇಡೀ ಪ್ರಸಾರವನ್ನು ಕಪ್ಪು ಜನರಿಗಾಗಿ ತಿರುಗಿಸಿದ ಮೆಂಫಿಸಿನ ಡಬ್ಲ್ಯು.ಡಿ.ಐ.ಎ. ನಿಲಯದ ಒಡೆಯರು ಬಿಳಿಯರು. 1949ರಲ್ಲಿ ಅಟ್ಲಾಂಟಾದ ಡಬ್ಲ್ಯು.ಇ.ಆರ್.ಡಿ.ಯನ್ನು ಜೆಸ್ಸಿ ಬ್ಲೇಟನ್ ಕೊಂಡಾಗಲೇ ಕಪ್ಪು ಮನುಷ್ಯನೊಬ್ಬ ರೇಡಿಯೋ ನಿಲಯದ ಯಜಮಾನನಾದದ್ದು. ಉಳಿದ ಕಡೆ ಬಹುಪಾಲು ಕೊರಳು ಕಪ್ಪು, ಲೈಸೆನ್ಸು ಬಿಳಿ. ಡಂಗುರ ಹೊಡೆಯುವವನ ಕತೆ ನಮಗೇನು ಹೊಸದೆ? ಮಾತು ಬಿಟ್ಟದ್ದು ಕೂಲಿಯವನ ನಿರ್ಧಾರ. ಅದನ್ನು ಹೇಡಿತನ ಅನ್ನಲು ನಾನು ತಯಾರಿಲ್ಲ.

ಹೋಲಿಕೆಗೆ ಇನ್ನೊಂದು ಕೊರಳು: ಮಾರ್ಥಾ ಜೀನ್ 'ದಿ ಕ್ವೀನ್' ಸ್ಟೀನ್‌ಬರ್ಗ್. 1967ರಲ್ಲಿ ಡೆಟ್ರಾಯಿಟ್ ಹೊತ್ತಿಕೊಂಡಾಗ ಆಕೆ ರೇಡಿಯೋ ಬಿಟ್ಟು ಕದಲದೆ ಶಾಂತವಾಗಿರಿ ಅಂತ ಜನರನ್ನು ಕೇಳಿಕೊಂಡರು. ತನ್ನ ಜನ ಸಾಯಬಾರದು ಅನ್ನುವುದು ಆಕೆಯ ಕಾಳಜಿ, ಅದು ದೊಡ್ಡದು. ಆದರೆ ತಣ್ಣಗಿರಿ ಅಂದರೆ ಜವಾಬ್ದಾರಿ, ಉರಿ ಅಂದರೆ ಅಪರಾಧ ಅಂತ ತೀರ್ಪು ಕೊಡುವವರು ಯಾರು? 1973ರಲ್ಲಿ ಬಿ. ಬಸವಲಿಂಗಪ್ಪ 'ಬೂಸಾ' ಅಂದಾಗಲೂ ವಿಚಾರಣೆಗೆ ನಿಂತದ್ದು ಆ ಪದ. ಆ ಪದ ಬೆರಳು ತೋರಿದ ಸಾಹಿತ್ಯವಲ್ಲ.

ಮಾಂಟೆಗ್ಯೂ ಬದುಕಿನ ಇನ್ನೊಂದು ಮಗ್ಗುಲಿದೆ. ದಶಕಗಳ ಕಾಲ ಆತ ಕಪ್ಪು ಜನರ ಚರಿತ್ರೆಯ ಪುಸ್ತಕ, ಕಾಗದ, ಚಿತ್ರ, ವಸ್ತುಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ. ಆಡಿದ ಮಾತು ಗಾಳಿಪಾಲು ಅಂತ ರೇಡಿಯೋದವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? 2003ರಲ್ಲಿ ಆತ್ಮಕತೆ ತಂದಾಗ ತಾನು ಬಿಟ್ಟಿದ್ದ ಆ ಕೂಗನ್ನೇ ಹೆಸರಾಗಿಟ್ಟ. ಮಾತು ವಾಪಸ್ಸು ಬಂತು. ಆದರೆ ಸಂಗ್ರಹ ಉಳಿಯಲಿಲ್ಲ. 2012ರ ಹೊತ್ತಿಗೆ ಸಾಲ ಕೊಟ್ಟವರ ವಶವಾಗಿ ಮಾರಾಟಕ್ಕೆ ನಿಂತಿತ್ತು.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ಸಿನಿಂದ ಹೆಸರು ತಂದರು. ಅವರ ಕವಿತೆ, ಆತ್ಮಕತೆಗಳನ್ನು ನಾವೂ ಓದಿದೆವು. ಅವರ ರೇಡಿಯೋವನ್ನು ಮಾತ್ರ ಸಾಹಿತ್ಯವಲ್ಲ ಅಂತ ಬಿಟ್ಟೆವು. ನಮ್ಮ ಜಾಥಾಗಳಲ್ಲಿ ಎದ್ದ ಕೂಗುಗಳ ಗತಿಯೂ ಅದೇ. ಅವನ್ನು ಬರೆದಿಟ್ಟುಕೊಳ್ಳುವುದು, ಕೇಳಿದವರು ಏನು ಅರ್ಥ ಮಾಡಿಕೊಂಡರು ಅಂತ ಕೇಳಿಕೊಳ್ಳುವುದು ದಲಿತ ವಿಮರ್ಶೆಯ ಕೆಲಸವೇ. ಸ್ವಿಚ್ಚು ಯಾರ ಕೈಯಲ್ಲಿತ್ತು ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು.