ಛಾಯಾಚಿತ್ರದಲ್ಲಿ ಕೃತಿ ಯಾವುದು?

ಕಾವ್ಯ, ನಾಟಕ, ಶಾಸನಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಛಾಯಾಚಿತ್ರದ ಮಾತನ್ನು ಎತ್ತುವುದು ಉಚಿತವೇ ಎಂದು ಕೆಲವರು ವಾಚಕರು ಕೇಳಬಹುದು. ಕಣ್ಣಿಗೆ ಕಂಡದ್ದನ್ನು ಯಂತ್ರವೊಂದು ಹಿಡಿದುಕೊಡುವುದಾದರೆ ಅದರಲ್ಲಿ ಕವಿಕರ್ಮವೆಲ್ಲಿ? ಕವಿಕರ್ಮವಿಲ್ಲದ ಕಡೆ ವಿಮರ್ಶೆಗೇನು ಕೆಲಸ? ಇದು ಹಳೆಯ ಆಕ್ಷೇಪವಾದರೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಇದಕ್ಕೆ ಉತ್ತರವನ್ನು ಯೋಚಿಸುವ ಪ್ರಸಂಗವು ನಮಗೆ ಈಚೆಗೆ ತಾನಾಗಿಯೇ ಒದಗಿತು.

ಒಂದು ಭಾನುವಾರ ತುಮಕೂರಿನ ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ ಹವ್ಯಾಸಿಗಳು ಸೇರಿದ್ದರು. ಊರಿನವರಲ್ಲದೆ ಗುಬ್ಬಿಯಿಂದಲೂ ಕುಣಿಗಲಿನಿಂದಲೂ ಬಂದವರಿದ್ದರು. ಇವರೆಲ್ಲರೂ ಹಳೆಯ ಫಿಲ್ಮ್ ಕ್ಯಾಮರಾಗಳಲ್ಲಿ ಆಸಕ್ತಿಯುಳ್ಳವರು. ಜಮಖಾನೆಯ ಮೇಲೆ ಕ್ಯಾಮರಾಗಳನ್ನು ಸಾಲಾಗಿ ಇಟ್ಟಿದ್ದರು: ಬಡೋದೆಯಲ್ಲಿ ತಯಾರಾಗಿ ಒಂದು ಕಾಲದಲ್ಲಿ ಎಷ್ಟೋ ಮಧ್ಯಮ ವರ್ಗದ ಮನೆಗಳ ಬೀರುವಿನಲ್ಲಿ ಇರುತ್ತಿದ್ದ ಆಗ್ಫಾ ಕ್ಲಿಕ್-3, ಎದೆಯ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡಬೇಕಾದ ಎರಡು ಕಣ್ಣಿನ ಯಾಷಿಕಾ, ಕಬ್ಬಿಣದ ತುಂಡಿನಂತೆ ತೂಗುವ ರಷ್ಯದ ಜೆನಿಟ್, ಪೆಂಟಾಕ್ಸ್ ಕೆ-1000. ಒಬ್ಬೊಬ್ಬರೂ ತಮ್ಮ ಕ್ಯಾಮರಾದ ವಂಶಾವಳಿಯನ್ನು ಹೇಳಿದರು. ಶಟರಿನ ಸದ್ದನ್ನು ಎಲ್ಲರೂ ಕಿವಿಗೊಟ್ಟು ಕೇಳಿದರು. ಎರಡು ಗಂಟೆಯ ಕಾಲ ಹೀಗೆ ಸಂತೋಷವಾಗಿಯೇ ಕಳೆಯಿತು.

ಆ ಬಳಿಕ ಗುಬ್ಬಿಯ ತರುಣರೊಬ್ಬರು ಚನ್ನಬಸವೇಶ್ವರ ಸ್ವಾಮಿಯ ತೇರಿನ ದಿನ ತೆಗೆದ ಚಿತ್ರವನ್ನು ತಮ್ಮ ಮೊಬೈಲಿನಲ್ಲಿ ತೋರಿಸಿದರು. ಫಿಲ್ಮು ಯಾವುದು, ಮಸೂರ ಯಾವುದು, ಡೆವಲಪರು ಯಾವುದು ಎಂಬ ಪ್ರಶ್ನೆಗಳು ನಾಲ್ಕು ಕಡೆಯಿಂದ ಬಂದುವು. ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಉಪಾಧ್ಯಾಯರೊಬ್ಬರು, "ಅದೆಲ್ಲ ಸರಿಯಪ್ಪ, ಚಿತ್ರದಲ್ಲಿ ಏನಿದೆ?" ಎಂದರು. "ತೇರು, ಮೇಷ್ಟ್ರೆ" ಎಂದು ಉತ್ತರ ಬಂತು. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಆ ಗಾಜಿನ ಹಲ್ಲೆಯನ್ನು ಬಹಳ ಹೊತ್ತು ನೋಡಿ, "ತೇರು ಕಾಣುತ್ತದೆ. ಜನ ಕಾಣಿಸುವುದಿಲ್ಲ" ಎಂದು ಹಿಂದಕ್ಕೆ ಕೊಟ್ಟರು.

ನಮ್ಮ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಛಾಯಾಚಿತ್ರದಲ್ಲಿ ಕೃತಿಯೆಂಬುದು ಯಾವುದು? ಕ್ಯಾಮರಾವೇ, ನೆಗೆಟಿವೇ, ಮೊಬೈಲಿನ ಮೇಲೆ ಮಿನುಗಿ ಮರೆಯಾಗುವ ನೆರಳೇ, ಅಥವಾ ಕಾಗದದ ಮೇಲೆ ಮೂಡಿ ನಿಂತ ಪಟವೇ?

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. 1839ರಲ್ಲಿ ಫ್ರಾನ್ಸಿನ ದಾಗೇರನ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಅದರಲ್ಲಿ ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು, ಅದಕ್ಕೆ ಪ್ರತಿಯಿಲ್ಲ. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟನು 1841ರಲ್ಲಿ ಹಕ್ಕು ಪಡೆದ ವಿಧಾನದಲ್ಲಾದರೋ ಮೊದಲು ಬೆಳಕು ಕಪ್ಪಾಗಿಯೂ ನೆರಳು ಬಿಳಿಯಾಗಿಯೂ ತೋರುವ ನೆಗೆಟಿವು, ಅನಂತರ ಅದರಿಂದ ಬೇಕಾದಷ್ಟು ಪಟಗಳು. ಮುಂದಿನ ಫಿಲ್ಮ್ ಛಾಯಾಗ್ರಹಣವು ಬಹುಮಟ್ಟಿಗೆ ಈ ಎರಡನೆಯ ದಾರಿಯನ್ನೇ ಹಿಡಿಯಿತು. ಎಂದರೆ, ಕ್ಯಾಮರಾದಲ್ಲಿ ಆಗುವುದು ಅರ್ಧ ಕೆಲಸ. ಉಳಿದರ್ಧ ಕತ್ತಲೆಕೋಣೆಯದು.

ಆ ಕೋಣೆಯಲ್ಲಿ ನಡೆಯುವುದೇನೆಂಬುದನ್ನು ಕಾಣದವರಿಗಾಗಿ ಎರಡು ಮಾತು. ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲವಾದ್ದರಿಂದ ಮಂದವಾದ ಕೆಂಪು ದೀಪವೊಂದು ಉರಿಯುತ್ತಿರುತ್ತದೆ. ಎನ್ಲಾರ್ಜರ್ ಎಂಬ ಯಂತ್ರವು ನೆಗೆಟಿವಿನ ನೆರಳನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುತ್ತದೆ. ಕೆಲವು ಸೆಕೆಂಡುಗಳ ಬಳಿಕವೂ ಕಾಗದ ಬಿಳಿಯಾಗಿಯೇ ಇರುವುದು. ಅದನ್ನು ಡೆವಲಪರಿನ ತಟ್ಟೆಯಲ್ಲಿ ಅದ್ದಿ ತೂಗಿದಾಗ ಅಡಗಿದ್ದ ಚಿತ್ರವು ಮೆಲ್ಲಗೆ ಮೇಲಕ್ಕೆ ಬರುತ್ತದೆ. ಅನಂತರ ಹುಳಿನೀರಿನ ತಟ್ಟೆ, ಅನಂತರ ಹೈಪೋ. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣಗಳನ್ನು ಕರಗಿಸಿ ಚಿತ್ರವನ್ನು ಸ್ಥಿರಗೊಳಿಸುವುದು ಹೈಪೋವಿನ ಕೆಲಸ. ಅದರ ಈ ಗುಣವನ್ನು ಜಾನ್ ಹರ್ಷೆಲನು 1819ರಲ್ಲಿಯೇ ಕಂಡಿದ್ದನು. ಕಡೆಯದಾಗಿ ಹರಿಯುವ ನೀರಿನಲ್ಲಿ ತೊಳೆಯುವುದು. ನಮ್ಮ ಮನೆಗಳ ಹಳೆಯ ಪಟಗಳು ಹಳದಿಯಾಗಿರುವುದಕ್ಕೆ ಅನೇಕ ವೇಳೆ ವಯಸ್ಸು ಕಾರಣವಲ್ಲ, ಹೈಪೋ ಪೂರ್ತಿಯಾಗಿ ಹೋಗುವಂತೆ ತೊಳೆಯದಿರುವುದೇ ಕಾರಣ.

ಇದೆಲ್ಲವೂ ರಸಾಯನಶಾಸ್ತ್ರವಾಯಿತು, ಕಲೆಯೆಲ್ಲಿ ಎಂದರೆ, ಕಾಗದದ ಮೇಲೆ ಬೆಳಕು ಬೀಳುವ ಆ ಕೆಲವು ಸೆಕೆಂಡುಗಳಲ್ಲಿ. ಮುದ್ರಿಸುವವನು ತನ್ನ ಕೈಯನ್ನು ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕನ್ನು ಕಡಮೆ ಮಾಡಬಲ್ಲನು. ಆ ಭಾಗ ತಿಳಿಯಾಗುತ್ತದೆ. ಮತ್ತೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಅದನ್ನು ಗಾಢವಾಗಿಸಬಲ್ಲನು. ಯಾವುದನ್ನು ಮುಂದಕ್ಕೆ ತರಬೇಕು, ಯಾವುದನ್ನು ನೆರಳಿಗೆ ಬಿಡಬೇಕು ಎಂಬ ನಿರ್ಣಯ ಯಂತ್ರದ್ದಲ್ಲ.

ನಮ್ಮ ನಾಡಿನವರಿಗೆ ಇದನ್ನು ತಿಳಿಸಲು ಗಮಕಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಕುಮಾರವ್ಯಾಸನ ಭಾರತವು ಓಲೆಯಲ್ಲಿ ಇದ್ದೇ ಇರುತ್ತದೆ. ಆದರೆ ಊರ ಚಾವಡಿಯಲ್ಲಿ ಗಮಕಿಯು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಬೇಕೋ ಅಲ್ಲಿ ಏರಿ ವಾಚಿಸಿದಾಗ ಅದು ಕೇಳುವವರ ಎದೆಯನ್ನು ಮುಟ್ಟುತ್ತದೆ. ನೆಗೆಟಿವು ಓಲೆಯ ಕಾವ್ಯ, ಪಟವು ವಾಚನ. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸನು (1902–1984) ನೆಗೆಟಿವನ್ನು ಸಂಗೀತದ ಸ್ವರಲಿಪಿಗೂ ಪಟವನ್ನು ಅದರ ನುಡಿಸಾಣಿಕೆಗೂ ಹೋಲಿಸಿದನು. ಅವನು ಮೊದಲು ಪಿಯಾನೋ ಕಲಿತವನಾದ್ದರಿಂದ ಆ ಹೋಲಿಕೆ ಅವನಿಗೆ ಸಹಜವಾಗಿತ್ತು.

ಇದರ ಮೇಲೆ ಒಂದು ಆಕ್ಷೇಪವುಂಟು. ಫ್ರಾನ್ಸಿನ ಕಾರ್ತಿಯೇ-ಬ್ರೆಸ್ಸಾನನು ತನ್ನ ಪಟಗಳನ್ನು ತಾನೇ ಮುದ್ರಿಸುವ ಗೊಡವೆಗೆ ಹೋಗದೆ ಪ್ಯಾರಿಸಿನ ಕುಶಲರ ಕೈಗೆ ಒಪ್ಪಿಸುತ್ತಿದ್ದನು. ಅವನು ಕಲಾವಿದನಲ್ಲವೇ? ಅವಶ್ಯವಾಗಿ ಹೌದು. ಗಮಕದ ಹೋಲಿಕೆಯು ಇಲ್ಲಿಯೂ ಸಲ್ಲುತ್ತದೆ: ಕವಿಯೂ ಗಮಕಿಯೂ ಒಬ್ಬನೇ ಆಗಬೇಕೆಂಬ ನಿಯಮವಿಲ್ಲ. ಆದರೆ ವಾಚನವು ಆಗಲೇಬೇಕು. ಯಾರಾದರೊಬ್ಬರು ಅದಕ್ಕೆ ಹೊಣೆಯಾಗಲೇಬೇಕು.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರಂಥವರು ಪತ್ರಿಕೆಗಳಿಗಾಗಿ ದುಡಿದರು. ಮಕ್ಕಳು, ಕೂಲಿಗಳು, ಬೀದಿಯ ಜನ ಇವರ ಬಾಳನ್ನು ಹಿಡಿದರು. ಅವರ ಚಿತ್ರಗಳಲ್ಲಿ ನಾವು ನೆನೆಯುವುದು ಮುಖಗಳನ್ನು, ಮುದ್ರಣದ ಚಾತುರ್ಯವನ್ನಲ್ಲ ಎಂದು ಮತ್ತೊಬ್ಬರು ಹೇಳಬಹುದು. ಈ ಮಾತು ನಿಜ. ಆದರೆ ನಮ್ಮ ವಾದಕ್ಕೆ ವಿರೋಧವಲ್ಲ. ಮುಖವು ಮುಖವಾಗಿ ಕಾಣುವಂತೆ ಮಾಡಿ ತಾನು ಮರೆಯಾಗುವುದೇ ಒಳ್ಳೆಯ ಮುದ್ರಣದ ಲಕ್ಷಣ.

ಹವ್ಯಾಸಿಗಳ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಪರಂಪರೆಯೇ ಇದೆ. ಬೆಂಗಳೂರಿನ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ, 1971ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇವುಗಳ ಆಶ್ರಯದಲ್ಲಿ ಬೇರೆ ಬೇರೆ ಉದ್ಯೋಗದವರು ಬಿಡುವಿನ ವೇಳೆಯಲ್ಲಿ ಈ ಕಲೆಯನ್ನು ಸಾಧಿಸಿದರು. ವನ್ಯಜೀವಿಗಳ ಚಿತ್ರಗಳಿಗೆ ಹೆಸರಾದ ಟಿ. ಎನ್. ಎ. ಪೆರುಮಾಳ್ (1932–2017) ಅವರು ಓ. ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು ಲೋಕಮಾನ್ಯರಾದರು. ಫಿಲ್ಮಿನ ಆ ಕಾಲದಲ್ಲಿ ಹವ್ಯಾಸಿಗಳು ದೇಶವಿದೇಶಗಳ ಪ್ರದರ್ಶನಗಳಿಗೆ ಪಟಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು; ಹಿಂತಿರುಗಿ ಬಂದ ಪಟದ ಬೆನ್ನ ಮೇಲೆ ಆಯಾ ಊರಿನ ಚೀಟಿಗಳು ಅಂಟಿರುತ್ತಿದ್ದುವು. ತೀರ್ಪುಗಾರನ ಮುಂದೆ ನಿಲ್ಲುತ್ತಿದ್ದುದು ಪಟ. ಅವರ ಕ್ಯಾಮರಾ ಯಾವುದೆಂಬುದು ಅವನಿಗೆ ಕಾಣುತ್ತಿರಲಿಲ್ಲ.

ಈಗ ಪಡಸಾಲೆಗೆ ಹಿಂತಿರುಗೋಣ. ಆ ದಿನ ಕಾಗದದ ಮೇಲಿದ್ದ ಪಟಗಳು ಒಟ್ಟು ಮೂರೇ. ಅವುಗಳಲ್ಲಿ ಎರಡು, ಜನಪದ ಹಾಡಿನಿಂದ ಮನೆಮಾತಾದ ಕುಣಿಗಲ ಕೆರೆಯನ್ನು ಸಂಜೆಯ ವೇಳೆ ತೆಗೆದ ಒಂದೇ ನೆಗೆಟಿವಿನವು. ಮೊದಲನೆಯದರಲ್ಲಿ ನೀರೂ ಏರಿಯೂ ಚೆನ್ನಾಗಿದ್ದುವು, ಆಕಾಶ ಮಾತ್ರ ಬರಿಯ ಕಾಗದವಾಗಿತ್ತು. ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದರೆ ಮೋಡಗಳು ಸ್ಪಷ್ಟವಾಗಿದ್ದುವು! ಇದನ್ನು ಅರಿತ ಮಿತ್ರರು ಎರಡನೆಯ ಸಲ ಆಕಾಶಕ್ಕೆ ಹೆಚ್ಚು ಬೆಳಕು ಕೊಟ್ಟರು. ಆದರೆ ಕೈ ಮಿತಿಮೀರಿತು. ಶಾಂತವಾದ ಕೆರೆಯ ಮೇಲೆ ಪ್ರಳಯದ ಮೋಡ ಕವಿದಂತಾಯಿತು. ನಮ್ಮ ಜಿಲ್ಲೆಯ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು (1953) ಓದಿದವರಿಗೆ ಈ ದೋಷದ ಹೆಸರು ಒಡನೆಯೇ ಹೊಳೆಯುವುದು: ಇದು ಔಚಿತ್ಯಭಂಗ. ಮೋಡಗಳು ಸುಂದರವೇ, ಆ ಸಂಜೆಗೆ ಅವು ಹೊಂದವು. ಒಂದೇ ನೆಗೆಟಿವಿನಿಂದ ಎರಡು ಬೇರೆ ಕೃತಿಗಳು ಹುಟ್ಟಿ, ಎರಡೂ ಬೇರೆ ಕಾರಣದಿಂದ ಸೋತುವೆಂದರೆ, ಕವಿಕರ್ಮವೆಲ್ಲಿ ಎಂದು ಕೇಳಿದವರಿಗೆ ಬೇರೆ ಉತ್ತರ ಬೇಕಿಲ್ಲ.

ಮೂರನೆಯದು ಕೈದಾಳದ ಚನ್ನಕೇಶವ ದೇವಾಲಯದಲ್ಲಿ ಕ್ಲಿಕ್-3ರಿಂದ ತೆಗೆದದ್ದು. ಈ ಕ್ಯಾಮರಾದಲ್ಲಿ ಒಂದು ಸುರುಳಿಗೆ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ಎನ್ಲಾರ್ಜರ್ ಇಲ್ಲದ ಕಾರಣ ನೆಗೆಟಿವನ್ನು ಕಾಗದಕ್ಕೆ ಒತ್ತಿ ಗಾಜು ಹೇರಿ ಮುದ್ರಿಸಿದ್ದರು. ಪಟವು ಅಂಗೈಯಲ್ಲಿ ಅಡಗುವಷ್ಟು. ಬಾಗಿಲಿನಿಂದ ಒಳಗೆ ಬಿದ್ದ ಬೆಳಕು ನೆಲದ ಮೇಲೆ ಹರಿದು ಕಂಬದ ಬುಡದಲ್ಲಿ ಮೆಲ್ಲಗೆ ಕತ್ತಲೆಯಾಗುವುದನ್ನು ಅದರಲ್ಲಿ ಕಾಣಬಹುದಾಗಿತ್ತು. ಅಗ್ಗದ ಕ್ಯಾಮರಾ, ಅಂಚುಗಳಲ್ಲಿ ಮಸುಕು. ಆದರೂ ಆ ದಿನ ಕೈಯಿಂದ ಕೈಗೆ ಹೋಗಿ ಯಾರೂ ಬೇಗನೆ ಕೆಳಗಿಡದ ವಸ್ತು ಅದೊಂದೇ.

ಹಾಗಾದರೆ ಮೊಬೈಲಿನ ಚಿತ್ರಕ್ಕೆ ಬೆಲೆಯಿಲ್ಲವೇ? ಉಂಟು. ದೂರದ ಮಿತ್ರರಿಗೆ ಕ್ಷಣದಲ್ಲಿ ಮುಟ್ಟುವುದು ಸಣ್ಣ ಉಪಕಾರವಲ್ಲ. ಆದರೆ ಒಂದು ಮೊಬೈಲಿನಲ್ಲಿ ತಿಳಿಯಾಗಿರುವುದು ಇನ್ನೊಂದರಲ್ಲಿ ಗಾಢ. ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ. ಗ್ರಂಥಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ ಎಷ್ಟು ಮೊಬೈಲುಗಳೋ ಅಷ್ಟು ಪಾಠಾಂತರಗಳು. ಕರ್ತೃವು ಒಪ್ಪಿ ಕೈಯೆತ್ತಿ ಕೊಟ್ಟ ನಿರ್ಣೀತ ಪಾಠವು ಪಟ. ವಿಮರ್ಶಕನು ಗುಣವನ್ನೋ ದೋಷವನ್ನೋ ಹೇಳಬೇಕಾದರೆ ಅಂಥದೊಂದು ಪಾಠ ಅವನ ಮುಂದಿರಬೇಕು.

ನಮ್ಮ ಹವ್ಯಾಸಿಗಳ ಕಷ್ಟವನ್ನು ನಾವು ಅರಿಯದವರಲ್ಲ. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 1960ರಲ್ಲಿ ಸ್ಥಾಪಿತವಾಗಿ, 1967ರಿಂದ ಫಿಲ್ಮನ್ನು ತಯಾರಿಸತೊಡಗಿ 'ಇಂದು' ಎಂಬ ಹೆಸರಿನಿಂದ ಫಿಲ್ಮನ್ನೂ ಕಾಗದವನ್ನೂ ದೇಶಕ್ಕೆಲ್ಲ ಒದಗಿಸುತ್ತಿತ್ತು. ಅದು ಮುಚ್ಚಿಹೋಗಿದೆ. ಈಗ ಕಾಗದವು ಇಂಗ್ಲೆಂಡಿನ ಇಲ್‌ಫರ್ಡಿನದೋ ಚೆಕ್ ದೇಶದ ಫೋಮಾದ್ದೋ ಆಗಬೇಕು. ಒಂದೊಂದು ಹಾಳೆಯನ್ನೂ ಎಣಿಸಿ ಬಳಸಬೇಕು. ಬೇಸಿಗೆಯಲ್ಲಿ ತೊಟ್ಟಿಯ ನೀರು ಡೆವಲಪರಿಗೆ ಬೇಕಾದ 20 ಡಿಗ್ರಿಗಿಂತ ಬಹಳ ಮೇಲಿರುವುದರಿಂದ ಮಂಜುಗಡ್ಡೆ ಬೇಕು. ಕೊಳವೆಬಾವಿಯ ಗಡಸುನೀರು ಫಿಲ್ಮಿನ ಮೇಲೆ ಕಲೆ ಬಿಡುತ್ತದೆ. ಹೀಗಿರಲು ನೆಗೆಟಿವಿನ ಹಂತದಲ್ಲಿಯೇ ನಿಂತುಬಿಡುವುದು ಸಹಜ. ಆದರೆ ಒಂದು ಹಳೆಯ ಕ್ಯಾಮರಾಕ್ಕೆ ಕೊಡುವ ಹಣದಲ್ಲಿ ಎಷ್ಟು ಹಾಳೆ ಕಾಗದ ಬರುವುದೆಂಬುದನ್ನು ಅವರೇ ಲೆಕ್ಕ ಹಾಕಲಿ. ಮೂರು ಊರಿನವರು ಕೂಡಿ ಒಂದು ಎನ್ಲಾರ್ಜರನ್ನು ಇಟ್ಟುಕೊಳ್ಳುವುದು ಅಸಾಧ್ಯವಲ್ಲ. ಅದೂ ಆಗದಿದ್ದರೆ ಕೈದಾಳದ ಪಟದಂತೆ ಗಾಜಿನಡಿಯಲ್ಲಿ ಮುದ್ರಿಸಬಹುದು. ಅಥವಾ ಹರ್ಷೆಲನೇ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲಿ, ಎರಡು ಕಬ್ಬಿಣದ ಲವಣಗಳನ್ನು ಬೆರೆಸಿ ಹಚ್ಚಿದ ಕಾಗದದ ಮೇಲೆ ಬಿಸಿಲಿನಿಂದಲೇ ನೀಲಿಯ ಪಟ ತೆಗೆಯಬಹುದು. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ.

ಇದು ಹವ್ಯಾಸಿಗಳ ಮನೆಯ ಜಗಳ ಮಾತ್ರವಲ್ಲ. 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರನ್ನು ರಂಗದ ಮೇಲೆ ಕಾಣದ ತಲೆಮಾರುಗಳು ಇಂದು ಅವರ ವೇಷಗಳನ್ನು ಅಷ್ಟಿಷ್ಟಾದರೂ ಬಲ್ಲುವಾದರೆ, ಅಂದು ಯಾರೋ ಕಾಗದದ ಮೇಲೆ ಪಟ ತೆಗೆದಿಟ್ಟ ಕಾರಣದಿಂದ. ನಮ್ಮ ಅಜ್ಜಿ ತಾತಂದಿರ ಮದುವೆಯೂ ಹಾಗೆಯೇ ಉಳಿದಿದೆ. ನಮ್ಮ ಕಾಲದ ತುಮಕೂರು, ಗುಬ್ಬಿ, ಕುಣಿಗಲುಗಳು ನಮ್ಮ ಮೊಮ್ಮಕ್ಕಳಿಗೆ ಯಾವ ಕಾಗದದ ಮೇಲೆ ಸಿಕ್ಕಾವು?

ಎರಡು ತಿಂಗಳ ತರುವಾಯ ಗುಬ್ಬಿಯ ಆ ತರುಣರು ತೇರಿನ ಚಿತ್ರವನ್ನು 8 ಅಂಗುಲ ಅಗಲ, 10 ಅಂಗುಲ ಉದ್ದದ ಕಾಗದದ ಮೇಲೆ ಮುದ್ರಿಸಿ ತಂದರು. ನಾಲ್ಕು ಹಾಳೆ ಕೆಟ್ಟು ಐದನೆಯದು ಸರಿಹೋಯಿತಂತೆ. ತೇರಿನ ಗಾಲಿಯ ಬಳಿ, ಜನದ ನಡುವೆ, ದವನ ಸಿಕ್ಕಿಸಿದ ಬಾಳೆಯಹಣ್ಣನ್ನು ಎಸೆಯಲು ಎತ್ತಿದ ಒಂದು ಮುದಿ ಕೈ ಅದರಲ್ಲಿ ಇತ್ತು. ಮೊಬೈಲಿನಲ್ಲಿ ನೋಡಿದಾಗ ಅದು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತೆಗೆದವರೂ ಕತ್ತಲೆಕೋಣೆಯಲ್ಲಿ ಅದು ಮೇಲಕ್ಕೆ ಬಂದಾಗಲೇ ಕಂಡರಂತೆ. ಆ ಕೈಯ ಸುತ್ತ ಅವರು ನೆರಳನ್ನು ಸ್ವಲ್ಪ ತಿಳಿಮಾಡಿದ್ದರು, ಅತಿಮಾಡಿರಲಿಲ್ಲ. ಮೇಷ್ಟ್ರು ಪಟವನ್ನು ಕಿಟಕಿಯ ಬಳಿಗೆ ಒಯ್ದು ನೋಡಿದರು. ಆ ದಿನ ಅವರ ಕ್ಯಾಮರಾ ಯಾವುದೆಂದು ಯಾರೂ ಕೇಳಲಿಲ್ಲ.